ಮಚ್ಚಿನ ಹಿಮ್ಮಡಿ

ಶಾವ್ ಕೇಯ್ ವಾನ್‌ನಲ್ಲಿ ಟ್ರಾಮು ದಣಿದು ನಿಲ್ಲುವ ತಿರುವಿಗೆ
ನಮ್ಮ ಅಂಗಡಿ. ಗಾಜಿನ ಹಿಂದೆ ಕೊಕ್ಕೆಗೆ ತೂಗಿದ ಹೆಬ್ಬಾತುಗಳು,
ಕತ್ತು ಬಾಗಿಸಿ, ತಪ್ಪೊಪ್ಪಿಕೊಂಡವರಂತೆ.
ಅವುಗಳ ಕೆಳಗೆ ಹತ್ತೊಂಬತ್ತರ ನಾನು:
ಏಪ್ರನ್ ತುಂಬ ಜಿಡ್ಡು, ತಲೆ ತುಂಬ ಹರಿತ.

ಮೇಸ್ತ್ರಿ ಫುಂಗ್ ಮಧ್ಯಾಹ್ನ ಕಣ್ಣು ಮುಚ್ಚಿದ ಹೊತ್ತು ನೋಡಿ
ಅವನ ಮಚ್ಚು ಎತ್ತಿಕೊಂಡು ಹಿಂದಿನ ನಲ್ಲಿಯಡಿ ಕೂತೆ.
ಕಲ್ಲಿಗೆ ನೀರು. ಬೆನ್ನು ತಗ್ಗಿಸಿದೆ, ಇನ್ನೂ ತಗ್ಗಿಸಿದೆ,
ಕಲ್ಲಿಗೂ ಬೆನ್ನಿಗೂ ನಡುವೆ
ಕಿರುಬೆರಳು ತೂರುವಷ್ಟೇ ಸಂದು ಬಿಟ್ಟು
ಆ ಕಡೆ ಎಪ್ಪತ್ತು ಸಲ, ಈ ಕಡೆ ಎಪ್ಪತ್ತು.

ಸೌತೆಕಾಯಿ ತಾನಾಗಿ ಬಿಚ್ಚಿಕೊಂಡಿತು.
ಕುದುರೆ ರೇಸಿನ ಪುಟ ತೂಗಿ ಹಿಡಿದರೆ
ಸದ್ದಿಲ್ಲದೆ ಇಬ್ಭಾಗ, ಗೆದ್ದ ಕುದುರೆಯ ಹೆಸರಿನ ನಡುವೆಯೇ.
ಮುಂಗೈ ಬೋಳಾಯಿತು. ತೊಳೆಯುವ ಹೆಂಗಸರಿಗೆ ತೋರಿಸಿದೆ,
ಅವರು ನಕ್ಕರು: ಯಾರಿಗಪ್ಪಾ ಕ್ಷೌರ?

ಅದು ಚಳಿಗಾಲದ ಅತಿ ಉದ್ದದ ರಾತ್ರಿ,
ಮನೆಮಂದಿಯೆಲ್ಲ ಒಂದೇ ಮೇಜಿಗೆ ಕೂಡುವ ದಿನ.
ಸಾಲು ಔಷಧಿ ಅಂಗಡಿಯವರೆಗೆ.
ಠಕ್, ಠಕ್, ನಾನೇ ಕಡಿಯುತ್ತಿದ್ದೆ,
ಎದೆ ಬೆಣ್ಣೆಯಂತೆ ಸರಿಯಿತು, ಚರ್ಮ ಗರಿಗರಿಯಾಗಿಯೇ ಉಳಿಯಿತು.
ತೊಡೆಯ ಕೀಲಿಗೆ ಬಂದಾಗ
ಠಕ್ ಅನ್ನಲಿಲ್ಲ. ಟಿಣ್.

ಅಷ್ಟು ಗದ್ದಲದಲ್ಲಿ ಆ ಒಂದು ಸದ್ದು
ಒಳಗೆ ಉಣ್ಣುತ್ತಿದ್ದವನಿಗೆ ಹೇಗೆ ಕೇಳಿತೋ,
ಬಟ್ಟಲು ಕೈಯಲ್ಲಿಟ್ಟುಕೊಂಡೇ ಫುಂಗ್ ಬಂದ.
ಅಲಗಿನಲ್ಲಿ ಅಕ್ಕಿನುಚ್ಚಿನಷ್ಟು ಖಾಲಿ ಜಾಗ.
ಬೈಯಲಿಲ್ಲ. ಮುದುಕಿಗೆ ಇನ್ನೊಂದು ಇಡೀ ಹೆಬ್ಬಾತು ಕಟ್ಟಿಕೊಟ್ಟ,
ಕಾಸು ಮುಟ್ಟದೆ. ಬಾಗಿಲೆಳೆದ ಮೇಲೆ
ನಾನು ಕಡಿದದ್ದನ್ನು ಹಲಗೆಯ ಮೇಲೆ ಹರವಿ
ಭೂತಗನ್ನಡಿ ಹಿಡಿದು ಕೂತ, ಎಳೆ ಎಳೆ ಬಿಡಿಸುತ್ತ.
ಒಂದೂವರೆಗೆ ಮೂಳೆಯ ನೆಣದಲ್ಲಿ ಅದು ಮಿನುಗಿತು.
ಆಗ ಅವನು ಉಸಿರು ಬಿಟ್ಟದ್ದು
ನನಗೆ ಬೈಗುಳಕ್ಕಿಂತ ಗಟ್ಟಿ ಕೇಳಿಸಿತು.

ಮರುದಿನ ಹಿಂಗ್-ಜೆ ಬಳಿ ಕಳಿಸಿದ.
ಮೆಟ್ಟಿಲ ಸಂದಿಯಲ್ಲಿ ಅವಳದೊಂದು ಬೆಂಚು, ಮೂರು ಕಲ್ಲು,
ಪಕ್ಕದಲ್ಲಿ ಮೊಲದ ಚಿತ್ರದ ಫ್ಲಾಸ್ಕು.
ಎಷ್ಟು ಡಿಗ್ರಿ ಹಿಡಿಯಬೇಕು ಅಂದೆ.
ಅವಳು ಅಲಗಿನ ಬಾಯಿ ಸವರಿ ಕೇಳಿದಳು:
ಇದು ತಿನ್ನೋದು ಏನನ್ನ?
ಎಲ್ಲವನ್ನೂ ಅಂದೆ. ಚರ್ಮ, ಮಾಂಸ, ಮೂಳೆ, ಕೆಲವೊಮ್ಮೆ ಸೌತೆಕಾಯಿ.
ಹಾಗಾದ್ರೆ ಒಂದೇ ಥರದ ಹಲ್ಲು ಸಾಲದು.
ನಿನ್ನ ಬಾಯೊಳಗೆ ನಾಲಿಗೆ ಆಡಿಸಿ ನೋಡು.

ನಡುಬೀದಿಯಲ್ಲಿ ನಿಂತು ಆಡಿಸಿದೆ.
ಮುಂದೆ ತೆಳು ಬಿಲ್ಲೆಗಳು, ಹಿಂದೆ ಒರಳುಗಲ್ಲುಗಳು.
ಇಷ್ಟು ವರ್ಷ ಜೊತೆಗಿಟ್ಟುಕೊಂಡೇ ಓಡಾಡಿದ್ದೆ.

ಅವಳು ಮೊದಲು ಮುಕ್ಕನ್ನು ಒರಟು ಕಲ್ಲಿಗೆ ತಿನ್ನಿಸಿದಳು.
ಆಮೇಲೆ ಮುಂದಿನ ಎರಡು ಪಾಲಿಗೆ
ಬೆನ್ನಡಿ ತನ್ನ ಹೆಬ್ಬೆರಳನ್ನು ಅಡ್ಡ ಇಟ್ಟು ಅಳೆದಳು:
ಇದು ಮಾಂಸಕ್ಕೆ.
ಹಿಮ್ಮಡಿಯ ಒಂದು ಪಾಲಿಗೆ
ಹೆಬ್ಬೆರಳ ಮೇಲೆ ಹೆಬ್ಬೆರಳು:
ಇದು ಮೂಳೆಗೆ. ಇಲ್ಲಿ ಅಲಗಿಗೆ ಹೆಗಲು ಬೇಕು,
ಬರೀ ತುಟಿ ಇದ್ದರೆ ಒಡೆಯುತ್ತೆ.
ಎರಡೂ ಕೂಡುವ ಕಡೆ ಗೆರೆ ಕಾಣಿಸದು,
ಉಗುರಿಟ್ಟು ಎಳೆದರೆ ಸಣ್ಣಗೆ ಎಡವುತ್ತದೆ.
ಕೂದಲು ಬೋಳಿಸುತ್ತಾ? ಕೇಳಿದೆ.
ಬೋಳಿಸೋಕೆ ಎದುರಿಗೆ ಕ್ಷೌರದಂಗಡಿ ಇದೆಯಲ್ಲ,
ಎಂದು ಫ್ಲಾಸ್ಕಿನ ಮುಚ್ಚಳ ತಿರುವಿದಳು.

ಈಗ ಅವಳ ಸಂದಿಯಲ್ಲಿ ಫೋನಿನ ಕವಚ ಮಾರುತ್ತಾರೆ.
ಆ ಚೂರು ಫುಂಗ್‌ನ ಮುಲಾಮಿನ ಡಬ್ಬಿಯಲ್ಲಿ
ಗಲ್ಲಾದ ಹಿಂದೆ ನನಗೇ ಉಳಿದಿದೆ.
ಹೊಸ ಹುಡುಗ ಅಲಗಿಗೆ ಫೋನನ್ನೇ ಅಂಟಿಸಿ
ದಶಮಾಂಶದವರೆಗೆ ಕೋನ ಓದುತ್ತಾನೆ. ಓದಲಿ.
ನಿನ್ನೆ ನನ್ನದನ್ನೂ ಅಳೆದ, ಹುಬ್ಬೇರಿಸಿದ:
ಗುರುವೇ, ಎರಡು ಡಿಗ್ರಿ ಹೆಚ್ಚಾಗಿದೆ.

ಇರಬಹುದು. ಇಪ್ಪತ್ತಾರು ಚಳಿಗಾಲ
ತಣ್ಣೀರಲ್ಲಿ ಅದ್ದಿ ಹೆಬ್ಬೆರಳು ಊದಿಕೊಂಡಿದೆ.
ಹೆಬ್ಬಾತುಗಳೇನೂ ದೂರಿಲ್ಲ.